ಬೆಣ್ಣೆಹಣ್ಣು: ನಾಯಿಗೆ ಓಟೆಯ ಭಯ, ಮೇಕೆಗೆ ಎಲೆಯ ಭಯ

ಬೆಣ್ಣೆಹಣ್ಣು ಮೊದಲೆಲ್ಲ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಮರ. ಪೇಟೆಯವರು ಬಟರ್ ಫ್ರೂಟ್ ಅಂತಾರೆ, ಇಂಗ್ಲಿಷ್ ಪುಸ್ತಕದಲ್ಲಿ ಅವಕಾಡೊ. ಈಗ ಅದು ನಮ್ಮ ಬಯಲುಸೀಮೆಗೂ ಇಳಿದಿದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೊಳವೆಬಾವಿಯಲ್ಲಿ ಒಂದಿಂಚು ನೀರು ಬರುವವರೂ ಡ್ರಿಪ್ ಎಳೆದು ಇಪ್ಪತ್ತು ಮೂವತ್ತು ಗಿಡ ಕೂರಿಸುತ್ತಿದ್ದಾರೆ. ನನ್ನ ಹೊಲದ ಬದುವಿನಲ್ಲೂ ಎಂಟು ಗಿಡ ಇವೆ. ಗಿಡ ಬಂತು, ಹಣ್ಣು ಬಂತು, ಅದರ ಹಿಂದೆಯೇ ಒಂದು ಪ್ರಶ್ನೆಯೂ ಬಂತು. ಇದನ್ನು ನಾಯಿ ತಿಂದರೆ ಏನಾಗುತ್ತೆ?

ಕೇಳುವವರು ಹೆಚ್ಚಾಗಿ ಬೆಂಗಳೂರಿನಲ್ಲಿರುವ ಮಕ್ಕಳು. ಫೋನ್ ಮಾಡಿ "ಅಪ್ಪಾ, ಅದು ನಾಯಿಗೆ ವಿಷವಂತೆ, ಕಟ್ಟಿಹಾಕಿ" ಅಂತಾರೆ. ಇತ್ತ ಊರಿನ ನಾಯಿ ಮರದ ಕೆಳಗೆ ಬಿದ್ದ ಹಣ್ಣನ್ನು ನೆಕ್ಕಿ ತಿಂದು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿರುತ್ತೆ. ಇಬ್ಬರಲ್ಲಿ ಯಾರ ಮಾತು ನಿಜ? ನಮ್ಮ ತಾಲ್ಲೂಕಿನ ಪಶುವೈದ್ಯರನ್ನು ಕೇಳಿದೆ. ಪಶುವೈದ್ಯದ ಇಂಗ್ಲಿಷ್ ಪುಸ್ತಕದಲ್ಲಿದ್ದದ್ದನ್ನು ಮಗಳು ಓದಿ ಹೇಳಿದಳು, ಲೆಕ್ಕ ನಾನು ಹಾಕಿದೆ. ತಿಳಿದದ್ದು ಇಷ್ಟು: ಮಾಗಿದ ಹಣ್ಣಿನ ತಿರುಳು ನಾಯಿಗೆ ದೊಡ್ಡ ವಿಷವಲ್ಲ. ಅದಕ್ಕೆ ಗಂಡಾಂತರ ಇರುವುದು ಓಟೆಯಲ್ಲಿ. ನಿಜವಾದ ವಿಷದ ಭಯ ಇರುವುದು ನಾಯಿಗಲ್ಲ, ಅದೇ ಮರದ ಸೊಪ್ಪು ತಿನ್ನುವ ಮೇಕೆ, ಕುರಿ, ಹಸುವಿಗೆ. ಆದರೆ ಮೇಕೆ ಬಗ್ಗೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ.

ವಿಷ ಅಂದರೆ ಯಾವುದು?

ಈ ಮರದಲ್ಲಿ ಪರ್ಸಿನ್ ಅನ್ನುವ ಒಂದು ವಸ್ತು ಇದೆ. ಎಣ್ಣೆ ಜಾತಿಯ ವಸ್ತು. ಎಲೆಯಲ್ಲಿ ಹೆಚ್ಚು. ತೊಗಟೆ, ಹಣ್ಣಿನ ಸಿಪ್ಪೆ, ಓಟೆಯಲ್ಲೂ ಇರುತ್ತದೆ. ಮಾಗಿದ ತಿರುಳಿನಲ್ಲಿ ಬಹಳ ಕಡಿಮೆ. ನಾವು ಮನುಷ್ಯರು ತಿನ್ನುವುದು ಆ ತಿರುಳನ್ನೇ. ಅದೂ ಅಲ್ಲದೆ ನಮ್ಮ ಮೈಗೆ ಅದು ತಾಗುವುದಿಲ್ಲ.

ರೇಷ್ಮೆ ಬೆಳೆಯುವವರಿಗೆ ಒಂದು ಸ್ವಾರಸ್ಯದ ವಿಷಯ ಹೇಳಬೇಕು. ಈ ವಸ್ತುವನ್ನು ಮೊದಲು ಎಲೆಯಿಂದ ಬೇರೆ ಮಾಡಿ ತೆಗೆದವರು ಜಪಾನಿನವರು, 1975ರಲ್ಲಿ. ಅವರು ನಾಯಿಗಾಗಿ ಹುಡುಕಿದ್ದಲ್ಲ, ಮೇಕೆಗಾಗಿಯೂ ಅಲ್ಲ. ರೇಷ್ಮೆಹುಳುವಿನ ಬೆಳವಣಿಗೆ ತಡೆಯುವ ವಸ್ತು ಯಾವ ಯಾವ ಎಲೆಯಲ್ಲಿದೆ ಅಂತ ಹುಡುಕುವಾಗ ಬೆಣ್ಣೆಹಣ್ಣಿನ ಎಲೆಯಲ್ಲಿ ಇದು ಸಿಕ್ಕಿತು. ಆಮೇಲೆ 1995ರಲ್ಲಿ ಆಸ್ಟ್ರೇಲಿಯಾದವರು ಅದೇ ವಸ್ತುವೇ ಹಾಲು ಕೊಡುವ ಪ್ರಾಣಿಯ ಕೆಚ್ಚಲನ್ನು ಕೆಡಿಸುವುದು ಅಂತ ಇಲಿಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬೆಣ್ಣೆಹಣ್ಣಿನ ಗಿಡ ಇದ್ದರೆ ಹುಳುವಿಗೆ ತೊಂದರೆಯೇ ಅಂತ ಕೆಲವರು ಹೆದರಬಹುದು. ಇದು ಗಾಳಿಯಲ್ಲಿ ಹಾರಿ ಬರುವ ವಸ್ತುವಲ್ಲ. ಸೊಪ್ಪು ಕೊಯ್ಯುವಾಗ ಅದರ ಎಲೆ ಬೆರೆಯದಂತೆ ನೋಡಿಕೊಂಡರೆ ಸಾಕು.

ಒಂದೇ ಗಿಡದ ಒಂದು ಭಾಗ ಆಹಾರ, ಇನ್ನೊಂದು ಭಾಗ ವಿಷ ಹೇಗಾಗುತ್ತೆ ಅಂತ ಪೇಟೆಯವರಿಗೆ ಆಶ್ಚರ್ಯ ಆಗಬಹುದು. ಒಣಬೇಸಾಯದವರಿಗೆ ಇದು ಹೊಸದಲ್ಲ. ಮಳೆ ಕೈಕೊಟ್ಟಾಗ ಮೊಣಕಾಲುದ್ದದ ಎಳೆ ಜೋಳಕ್ಕೆ ಬಾಯಿ ಹಾಕಿದ ಹಸು ಅಲ್ಲೇ ಬೀಳುತ್ತೆ. ಅದೇ ಜೋಳ ಬಲಿತು ತೆನೆ ಕಟ್ಟಿದ ಮೇಲೆ ವರ್ಷವಿಡೀ ಅದರ ಮೇವು. ಹರಳಿನ ಬೀಜ ದನಕ್ಕೆ ವಿಷ, ಅದರದೇ ಎಣ್ಣೆ ನಮಗೆ ಔಷಧಿ. ಬೆಣ್ಣೆಹಣ್ಣೂ ಇದೇ ಜಾತಿಗೆ ಸೇರಿದ್ದು. ಯಾವ ಭಾಗ, ಎಷ್ಟು, ಯಾವ ಪ್ರಾಣಿ ತಿಂದಿತು, ಈ ಮೂರನ್ನು ಕೇಳದೆ "ವಿಷ" ಅಂತಲೂ ಹೇಳಬಾರದು, "ಏನೂ ಆಗಲ್ಲ" ಅಂತಲೂ ಹೇಳಬಾರದು.

ನಾಯಿಯ ವಿಷಯ

ಬೆಣ್ಣೆಹಣ್ಣು ಮರದಲ್ಲೇ ಮೆತ್ತಗಾಗುವುದಿಲ್ಲ. ಬಲಿತ ಕಾಯಿ ಕಿತ್ತ ಮೇಲೋ, ತಾನಾಗಿ ಬಿದ್ದ ಮೇಲೋ ನಾಲ್ಕಾರು ದಿನದಲ್ಲಿ ಹಣ್ಣಾಗುತ್ತೆ. ಆದ್ದರಿಂದ ಮಾಗಿದ ಹಣ್ಣು ನೆಲದ ಮೇಲೆಯೇ ಇರುವುದು, ನಾಯಿಯ ಬಾಯಿಗೆ ಎಟುಕುವ ಹಾಗೆ. ಮಾವು, ಸೀಬೆಯನ್ನು ಮೂಸಿ ಬಿಡುವ ನಾಯಿಯೂ ಇದನ್ನು ಬಿಡುವುದಿಲ್ಲ. ಕಾರಣ ಅದರ ಜಿಡ್ಡು. ನೂರು ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇರುತ್ತದೆ. ಬೇರೆ ಯಾವ ಹಣ್ಣಿನಲ್ಲಿ ಇಷ್ಟಿದೆ? ನಾಯಿಗೆ ಅದು ಹಣ್ಣಲ್ಲ, ಹೆಸರಿಗೆ ತಕ್ಕ ಹಾಗೆ ಬೆಣ್ಣೆ.

ಪರ್ಸಿನ್ ವಿಷಕ್ಕೆ ನಾಯಿ ಬೇರೆ ಪ್ರಾಣಿಗಳಿಗಿಂತ ಗಟ್ಟಿ. ಅಮೆರಿಕದಲ್ಲಿ ಅವಕಾಡೊ ತಿರುಳು ಸೇರಿಸಿದ ನಾಯಿ ಆಹಾರವನ್ನೇ ಎಷ್ಟೋ ವರ್ಷಗಳಿಂದ ಚೀಲದಲ್ಲಿ ಹಾಕಿ ಮಾರಿದ್ದಾರೆ. ಹಾಗಾದರೆ "ನಾಯಿಗೆ ವಿಷ" ಅನ್ನುವ ಮಾತು ಎಲ್ಲಿಂದ ಬಂತು? 1994ರಲ್ಲಿ ಕೆನ್ಯಾ ದೇಶದ ಪಶುವೈದ್ಯರು ಎರಡು ನಾಯಿಗಳ ಬಗ್ಗೆ ಬರೆದರು. ಆ ನಾಯಿಗಳಿಗೆ ಅವಕಾಡೊ ಅಂದರೆ ಪ್ರಾಣ. ಅವಕ್ಕೆ ಹೃದಯದ ಸ್ನಾಯು ಕೆಟ್ಟಿತ್ತು, ಮೇಕೆ ಕುರಿಗಳಿಗೆ ಎಲೆ ತಿಂದು ಆಗುವ ಹಾಗೆಯೇ ಇತ್ತು. ಆದರೆ ಅವಕಾಡೊದಿಂದಲೇ ಆಯಿತು ಅಂತ ಅವರೂ ಆಣೆ ಮಾಡಿಲ್ಲ, "ಇರಬಹುದು" ಅಂತ ಶೀರ್ಷಿಕೆಯಲ್ಲೇ ಹಾಕಿದ್ದಾರೆ. ಆ ಎರಡು ನಾಯಿಗಳ ಕಥೆಯೇ ಬಾಯಿಂದ ಬಾಯಿಗೆ ಹಬ್ಬಿ, ಮೇಕೆ ಹಕ್ಕಿಗಳ ಸಾವಿನ ಜೊತೆ ಕಲಸಿಹೋಗಿ, ನಾಯಿ ಒಂದು ತುಂಡು ತಿಂದರೂ ಸಾಯುತ್ತೆ ಅನ್ನುವ ಮಟ್ಟಕ್ಕೆ ಬಂದಿದೆ ಅಂತ ನನಗೆ ಅನ್ನಿಸುತ್ತೆ.

ಇದರ ಅರ್ಥ ದಿನಾ ತಟ್ಟೆಗೆ ಹಾಕಿ ಅಂತಲ್ಲ. ಜಿಡ್ಡು ಹೆಚ್ಚಾದರೆ ನಾಯಿಗೆ ವಾಂತಿ ಭೇದಿ ಆಗುತ್ತೆ. ಕೆಲವು ನಾಯಿಗಳಿಗೆ, ಅದರಲ್ಲೂ ಕೂತು ತಿಂದು ದಪ್ಪಗಾದ ಮನೆ ನಾಯಿಗಳಿಗೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತೆ. ಅದು ಬಂದರೆ ನಾಯಿ ಬೆನ್ನು ಗೂನು ಮಾಡಿ ನಿಲ್ಲುತ್ತೆ, ಹೊಟ್ಟೆ ಮುಟ್ಟಿದರೆ ಅಳುತ್ತೆ, ವಾಂತಿ ನಿಲ್ಲಲ್ಲ, ಅನ್ನ ಮುಟ್ಟಲ್ಲ. ಪ್ರಾಣಕ್ಕೇ ಬರುವ ಕಾಯಿಲೆ. ಇದು ಬೆಣ್ಣೆಹಣ್ಣಿಗೆ ಮಾತ್ರ ಸೇರಿದ್ದಲ್ಲ. ಹಬ್ಬದ ದಿನ ಬಾಡಿನ ಕೊಬ್ಬನ್ನೆಲ್ಲ ನಾಯಿಗೆ ಸುರಿದರೂ ಇದೇ ಆಗುವುದು. ಹೊಲದಲ್ಲಿ ಓಡಾಡುವ ನಾಯಿ ಒಂದು ಹಣ್ಣಿನ ತಿರುಳು ನೆಕ್ಕಿದರೆ ಗಾಬರಿ ಬೇಡ. ಸುಗ್ಗಿಯ ಕಾಲದಲ್ಲಿ ತಿಂಗಳುಗಟ್ಟಲೆ ಬಿದ್ದದ್ದೆಲ್ಲ ಅದರ ಪಾಲು ಅಂತ ಬಿಡುವುದು ಸರಿಯಲ್ಲ. ಬೆಳಗ್ಗೆ ಒಂದು ಸಲ ಮರದ ಕೆಳಗೆ ಹೋಗಿ ಆರಿಸಿಕೊಂಡರೆ ನಾಯಿಗೂ ಒಳ್ಳೆಯದು, ನಮಗೂ ನಾಲ್ಕು ಕಾಸು. ಅಳಿಲು, ಬಾವಲಿ ಕಚ್ಚದ ಹಣ್ಣಾದರೆ ಮಾರಲೂ ಬರುತ್ತೆ.

ಈಗ ಓಟೆ. ನಾಯಿಗೆ ನಾನು ಹೆದರುವುದು ಇದಕ್ಕೆ. ಬೆಣ್ಣೆಹಣ್ಣಿನ ಓಟೆ ದುಂಡಗೆ, ನುಣ್ಣಗೆ, ದೊಡ್ಡ ನಿಂಬೆಹಣ್ಣಿನಷ್ಟಿರುತ್ತೆ. ತಿರುಳು ಅಂಟಿದ್ದರೆ ಬಾಯಲ್ಲಿ ಜಾರುತ್ತೆ. ನಾಯಿ ಅಗಿಯುವ ಪ್ರಾಣಿಯಲ್ಲ, ನುಂಗುವ ಪ್ರಾಣಿ. ಪಕ್ಕದಲ್ಲಿ ಇನ್ನೊಂದು ನಾಯಿ ಬಂದರಂತೂ ಪೈಪೋಟಿಯಲ್ಲಿ ಗುಳುಂ ಅಂತ ನುಂಗಿಬಿಡುತ್ತೆ. ಗಂಟಲಲ್ಲಿ ಸಿಕ್ಕಿದರೆ ಉಸಿರು ಕಟ್ಟುತ್ತೆ. ಹೊಟ್ಟೆ ದಾಟಿ ಕರುಳಿಗೆ ಇಳಿದರೆ ಬಿರಡೆ ಹಾಕಿದ ಹಾಗೆ ಕೂತುಬಿಡುತ್ತೆ. ಅದು ಕರಗುವ ವಸ್ತುವಲ್ಲ. ಮಾವಿನ ಓಟೆ ನುಂಗಿದ ನಾಯಿಗಳ ಪಾಡನ್ನು ನಮ್ಮ ಮಾವಿನ ಸೀಮೆಯವರು ಕಂಡಿದ್ದಾರೆ. ಇದೂ ಹಾಗೆಯೇ.

ಕರುಳು ಕಟ್ಟಿದ ಗುರುತು ಕೂಡಲೇ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟೂ ಬರಬಹುದು. ತಿಂದದ್ದು, ಕುಡಿದ ನೀರು ಕೂಡ ವಾಂತಿಯಾಗುತ್ತೆ. ಸಗಣಿ ಬರುವುದಿಲ್ಲ, ಅಥವಾ ಮುಕ್ಕರಿಸಿ ಸ್ವಲ್ಪ ಬರುತ್ತೆ. ಹೊಟ್ಟೆ ಬಿಗಿಯಾಗುತ್ತೆ. ನಾಯಿ ಮೂಲೆ ಸೇರುತ್ತೆ. ಆಗ ಹರಳೆಣ್ಣೆ ಕುಡಿಸಿ ಕಾಯುವುದು ಬೇಡ. ಪಶು ಆಸ್ಪತ್ರೆಗೆ ಒಯ್ಯಿರಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಡವಾದರೆ ಕರುಳು ಕೊಳೆಯುತ್ತೆ. ನುಂಗಿದ್ದನ್ನು ಕಣ್ಣಾರೆ ಕಂಡರೆ ಗುರುತಿಗಾಗಿ ಕಾಯದೆ ಅದೇ ದಿನ ವೈದ್ಯರಿಗೆ ಹೇಳುವುದು ಒಳ್ಳೆಯದು. ಉಪ್ಪುನೀರು ಹುಯ್ದು ವಾಂತಿ ಮಾಡಿಸುವ ಹಳೇ ರೂಢಿ ನಮ್ಮಲ್ಲಿದೆ. ಅದನ್ನು ಮಾಡಬೇಡಿ. ಉಪ್ಪು ಹೆಚ್ಚಾದರೆ ಅದೇ ನಾಯಿಗೆ ವಿಷ, ಹುಯ್ಯುವಾಗ ನೀರು ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ. ಒಳಗಿರುವ ಓಟೆ ಮೇಲೆ ಬರುವಾಗ ಗಂಟಲಲ್ಲೂ ನಿಲ್ಲಬಹುದು.

ಇಲ್ಲಿ ಒಂದು ಅಡ್ಡ ಮಾತು. ಬೆಣ್ಣೆಹಣ್ಣಿಗೆ ಇಷ್ಟು ಹೆದರುವ ನಾವು ದ್ರಾಕ್ಷಿಗೆ ಹೆದರುವುದಿಲ್ಲ. ನಮ್ಮ ಜಿಲ್ಲೆಯ ತುಂಬ ದ್ರಾಕ್ಷಿ ಚಪ್ಪರ ಇದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದರೆ ಕೆಲವು ನಾಯಿಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಸ್ವಲ್ಪ ತಿಂದರೂ ಆಗಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ 2021ರಿಂದ ಈಚೆಗೆ ಅಮೆರಿಕದ ಪಶುವೈದ್ಯರು ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಇನ್ನೂ ಹೆಚ್ಚು. ಹುಣಸೆಹಣ್ಣು ತಿಂದ ನಾಯಿಗಳಿಗೂ ಮೂತ್ರಪಿಂಡ ಕೆಟ್ಟದ್ದನ್ನು ಅವರು 2022ರಲ್ಲಿ ಬರೆದಿದ್ದಾರೆ. ನಮ್ಮಲ್ಲಿ ಹುಣಸೆ ಬಡಿಯುವ ಕಾಲಕ್ಕೆ ಅಂಗಳದ ತುಂಬ ಹಣ್ಣು, ಅದರ ಮೇಲೇ ನಾಯಿ ಮಲಗಿರುತ್ತೆ. ಹುಳಿ ಅಂತ ಹೆಚ್ಚಿನ ನಾಯಿಗಳು ಮುಟ್ಟುವುದಿಲ್ಲ, ಅದು ನಮ್ಮ ಪುಣ್ಯ. ಈರುಳ್ಳಿ, ಬೆಳ್ಳುಳ್ಳಿಯೂ ನಾಯಿಯ ರಕ್ತಕ್ಕೆ ಕೆಟ್ಟದ್ದು. ಈಗ ಪೇಟೆ ಹೋಟೆಲುಗಳಲ್ಲಿ ಬೆಣ್ಣೆಹಣ್ಣನ್ನು ಈರುಳ್ಳಿ ಹಾಕಿ ಚಟ್ನಿ ಥರ ಕಲಸಿ ಕೊಡುತ್ತಾರೆ. ಅದರ ಎಂಜಲನ್ನು ನಾಯಿಗೆ ಹಾಕಿದರೆ ಕೆಡುಕು ಮಾಡುವುದು ಹಣ್ಣಲ್ಲ, ಈರುಳ್ಳಿ.

ಮೇಕೆ, ಕುರಿ, ಹಸು

ಮೂರು ನಾಲ್ಕು ವರ್ಷದ ಬೆಣ್ಣೆಹಣ್ಣಿನ ಗಿಡವನ್ನು ಆಕಾರಕ್ಕೆ ತರಲು ಸವರಬೇಕಾಗುತ್ತದೆ. ಸವರಿದ ಸೊಪ್ಪು ಹಸಿರಾಗಿ, ದಪ್ಪಗೆ, ಕಣ್ಣಿಗೆ ಚೆನ್ನಾಗಿರುತ್ತೆ. ಅದು ಸವರುವ ಕಾಲಕ್ಕೆ ನಮ್ಮಲ್ಲಿ ಹಸಿರು ಮೇವು ಇರುವುದಿಲ್ಲ. ಹಲಸು, ಗೊಬ್ಬರದ ಗಿಡದ ಸೊಪ್ಪು ಹಾಕಿ ರೂಢಿಯಾದ ಕೈ ಇದನ್ನೂ ಹೊರೆ ಕಟ್ಟಿ ಕೊಟ್ಟಿಗೆಗೆ ತರುತ್ತೆ. ಅನಾಹುತ ಆಗುವುದು ಅಲ್ಲೇ.

ಹಾಲು ಕೊಡುವ ಮೇಕೆ ತನ್ನ ತೂಕದ ಕಿಲೊ ಒಂದಕ್ಕೆ 20 ಗ್ರಾಂ ಎಲೆ ತಿಂದರೆ ಕೆಚ್ಚಲು ಬಾವು ಬರುತ್ತೆ, ಅದೂ ಜೋರಾಗಿ. ಕಿಲೊಗೆ 30 ಗ್ರಾಂ ಆದರೆ ಕೆಲವಕ್ಕೆ ಹೃದಯಕ್ಕೂ ಪೆಟ್ಟು. ಲೆಕ್ಕ ಹಾಕಿ: 25 ಕಿಲೊ ತೂಗುವ ಮೇಕೆಗೆ ಅರ್ಧ ಕಿಲೊ ಎಲೆ. ಹಸಿದ ಮೇಕೆಗೆ ಅರ್ಧ ಕಿಲೊ ಯಾವ ಲೆಕ್ಕ? ನಾವು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಬೋಳಿಸಿರುತ್ತೆ.

ಕುರಿಯ ಲೆಕ್ಕ ಇನ್ನೂ ಯೋಚನೆ ಮಾಡುವಂಥದ್ದು. ಕಿಲೊಗೆ 25 ಗ್ರಾಂನಂತೆ ಐದು ದಿನ ತಿನ್ನಿಸಿದಾಗ ಕುರಿಗಳ ಹೃದಯ ಕೈಕೊಟ್ಟಿತು. ಅದು ದೊಡ್ಡ ಪ್ರಮಾಣ ಅಂತಿಟ್ಟುಕೊಳ್ಳಿ. ಕಿಲೊಗೆ ಎರಡೂವರೆ ಗ್ರಾಂನಂತೆ 32 ದಿನ ಕೊಟ್ಟಾಗಲೂ ನಿಧಾನವಾಗಿ ಹೃದಯ ಸೋತಿತು. 30 ಕಿಲೊ ಕುರಿಗೆ ಅದು ದಿನಕ್ಕೆ 75 ಗ್ರಾಂ, ಒಂದು ಹಿಡಿ ಸೊಪ್ಪು. ಅಂದರೆ "ಒಂದು ದಿನ ಹಾಕಿದೆ, ಏನೂ ಆಗಲಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ. ದಿನಾ ಗಿಡದ ಕೆಳಗೆ ಕಟ್ಟಿದ ಕುರಿ ದಿನಾ ಒಂದೊಂದು ಹಿಡಿ ತಿಂದು ತಿಂಗಳಾದ ಮೇಲೆ ಬಿದ್ದರೆ ಯಾರಿಗೂ ಎಲೆಯ ನೆನಪು ಬರುವುದಿಲ್ಲ.

ಗುರುತು ಹೇಗೆ? ಹಾಲು ಕೊಡುವ ಪ್ರಾಣಿಗೆ ಪೆಟ್ಟು ಮೊದಲು ಬೀಳುವುದು ಕೆಚ್ಚಲಿಗೆ. ತಿಂದ ಒಂದು ದಿನದೊಳಗೆ ಕೆಚ್ಚಲು ಊದಿ ಗಟ್ಟಿಯಾಗುತ್ತೆ, ಹಾಲು ನೀರಾಗಿ ಒಡೆದ ಹಾಗೆ ಬರುತ್ತೆ, ನಾಲ್ಕು ಲೀಟರ್ ಕೊಡುತ್ತಿದ್ದದ್ದು ಒಂದು ಲೀಟರಿಗೆ ಇಳಿಯಬಹುದು. ನೋಡುವುದಕ್ಕೆ ನಮಗೆಲ್ಲ ಗೊತ್ತಿರುವ ಕೆಚ್ಚಲು ಬಾವಿನ ಹಾಗೆಯೇ. ಆದರೆ ಆ ಬಾವು ರೋಗಾಣುವಿನಿಂದ ಬರುವುದು, ಇದು ವಿಷದಿಂದ ಹಾಲಿನ ಗ್ರಂಥಿಯೇ ಸಾಯುವುದರಿಂದ ಬರುವುದು. ಮೊಲೆಗೆ ಟ್ಯೂಬ್ ಏರಿಸಿದರೆ ಮೂಲ ಹೋಗುವುದಿಲ್ಲ. ಅದಕ್ಕೇ ಡಾಕ್ಟರು ಬಂದಾಗ "ಬೆಣ್ಣೆಹಣ್ಣಿನ ಸೊಪ್ಪು ತಿಂದಿದೆ" ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವ ದಾರಿ ಇಲ್ಲ.

ಹಾಲಿಲ್ಲದ ಮೇಕೆ, ಹೋತ, ಟಗರಿಗೆ ಪೆಟ್ಟು ನೇರ ಹೃದಯಕ್ಕೆ. ಒಂದೆರಡು ದಿನದಲ್ಲಿ ಮಂಕಾಗುತ್ತೆ, ಕೆಮ್ಮುತ್ತೆ, ಏದುಸಿರು ಬಿಡುತ್ತೆ, ಮಂದೆಯ ಹಿಂದೆ ಉಳಿಯುತ್ತೆ, ಕುತ್ತಿಗೆ, ಎದೆಯ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತೆ. ಜಂತುಹುಳು ಹೆಚ್ಚಾದಾಗ ಗದ್ದದ ಕೆಳಗೆ ನೀರು ತುಂಬುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಇರಬೇಕು ಅಂತ ಹುಳುವಿನ ಔಷಧಿ ಕುಡಿಸಿ ಸುಮ್ಮನಾದರೆ ಕುರಿ ಹೋಯಿತು. ಈ ವಿಷಕ್ಕೆ ಬೇರೆ ಮದ್ದಿಲ್ಲ. ನೋವು, ಊತ ಇಳಿಸುವ, ನೀರು ಕಡಿಮೆ ಮಾಡುವ ಚಿಕಿತ್ಸೆ ಇದೆ, ಅದನ್ನು ಡಾಕ್ಟರೇ ಮಾಡಬೇಕು. ಮೊದಲ ಕೆಲಸ ಸೊಪ್ಪನ್ನು ಮುಂದಿನಿಂದ ತೆಗೆಯುವುದು, ಪ್ರಾಣಿಯನ್ನು ನಡೆಸದೆ ನೆರಳಲ್ಲಿ ಕಟ್ಟುವುದು.

"ಕೊಡಗಿನಲ್ಲಿ ಈ ಮರ ಎಷ್ಟೋ ಕಾಲದಿಂದ ಇದೆಯಲ್ಲ, ಅಲ್ಲಿ ಯಾಕೆ ಕೇಳಿಲ್ಲ?" ಅಂತ ಒಬ್ಬರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಕಾಫಿ ತೋಟದಲ್ಲಿ ಮರ ಎತ್ತರಕ್ಕೆ ಹೋಗಿರುತ್ತೆ, ಅಲ್ಲಿ ಮೇಕೆ ಕುರಿ ಮಂದೆ ನಮ್ಮಷ್ಟಿಲ್ಲ, ಮೇವಿಗೆ ಬರವೂ ಇಲ್ಲ. ಇನ್ನೊಂದು, ತಳಿ. ಅವಕಾಡೊದಲ್ಲಿ ಮೆಕ್ಸಿಕೊ, ಗ್ವಾಟೆಮಾಲ, ವೆಸ್ಟ್ ಇಂಡೀಸ್ ಅಂತ ಮೂರು ಮೂಲ ಜಾತಿಗಳಿವೆ. ಮೇಕೆಗಳ ಮೇಲೆ ಪರೀಕ್ಷೆ ಮಾಡಿದಾಗ ಕೆಡುಕು ಕಂಡದ್ದು ಗ್ವಾಟೆಮಾಲ ಜಾತಿ ಮತ್ತು ಅದರ ಬೆರಕೆಯ ಎಲೆಗಳಲ್ಲಿ. ಮೆಕ್ಸಿಕೊ ಜಾತಿಯ ಎಲೆ ಉಜ್ಜಿದರೆ ಸೋಂಪಿನ ವಾಸನೆ ಬರುತ್ತೆ, ಅಲ್ಲಿಯವರು ಅದನ್ನು ಒಣಗಿಸಿ ಅಡುಗೆಗೂ ಹಾಕುತ್ತಾರೆ. ಈಗ ನರ್ಸರಿಗಳಲ್ಲಿ ಹೆಚ್ಚು ಬೆಲೆಗೆ ಮಾರುತ್ತಿರುವ ಹಾಸ್ ತಳಿಯಲ್ಲಿ ಗ್ವಾಟೆಮಾಲ ರಕ್ತವೂ ಇದೆ. ಬೀಜದಿಂದ ಎದ್ದ ಗಿಡದ ಜಾತಿ ಯಾವುದು ಅಂತ ಯಾರು ಹೇಳಬೇಕು? ನಾನಂತೂ ಯಾವ ಗಿಡದ ಸೊಪ್ಪನ್ನೂ ಮೇಕೆಗೆ ಹಾಕುವುದಿಲ್ಲ. ಒಣಗಿಸಿ ಕೊಟ್ಟು ನೋಡುವ ಪ್ರಯೋಗವೂ ಬೇಡ.

ಹಕ್ಕಿ, ಕೋಳಿ

ಪಂಜರದ ಹಕ್ಕಿಗಳಿಗೆ ತಿರುಳೂ ವಿಷ. ಪೇಟೆ ಮನೆಗಳಲ್ಲಿ ಲವ್ ಬರ್ಡ್ಸ್ ಅಂತ ಸಾಕುವ ಪುಟ್ಟ ಗಿಣಿಗಳಿಗೆ ಒಂದು ಗ್ರಾಂ ಹಣ್ಣಿಗೇ ಚಡಪಡಿಕೆ ಶುರುವಾಗಿ ಪುಕ್ಕ ಕಿತ್ತುಕೊಂಡವು, ಒಂಬತ್ತು ಗ್ರಾಂ ಹತ್ತಿರ ತಿಂದವು ಎರಡು ದಿನದಲ್ಲಿ ಸತ್ತವು. ನಿಮ್ಮಿಂದ ಹಣ್ಣು ಕೊಳ್ಳುವ ಪೇಟೆಯವರ ಮನೆಯಲ್ಲಿ ಪಂಜರ ಇದ್ದರೆ ಒಂದು ಮಾತು ಹೇಳಿಬಿಡಿ. ದಕ್ಷಿಣ ಆಫ್ರಿಕಾದಲ್ಲಿ ಅವಕಾಡೊ ತೋಟಕ್ಕೆ ಬಿಟ್ಟ ಉಷ್ಟ್ರಪಕ್ಷಿಗಳು ಹೃದಯ ಕೆಟ್ಟು ಸತ್ತದ್ದೂ 1994ರಲ್ಲಿ ವರದಿಯಾಗಿದೆ. ಕೋಳಿ ಮಾತ್ರ ಸ್ವಲ್ಪ ಗಟ್ಟಿ ಜೀವ. ನಮ್ಮ ನಾಟಿ ಕೋಳಿಗಳು ಬಿದ್ದ ಹಣ್ಣು ಕುಕ್ಕುತ್ತವೆ, ಇದುವರೆಗೆ ಏನೂ ಆಗಿಲ್ಲ. ಆದರೂ ಬೇಕಂತಲೇ ನಾನು ಹಾಕುವುದಿಲ್ಲ. ಮೊಲ ಸಾಕುವವರು ಹಣ್ಣೂ ಸೊಪ್ಪೂ ಎರಡನ್ನೂ ದೂರ ಇಡಬೇಕು.

ಸವರಿದ ಸೊಪ್ಪು ಎಲ್ಲಿಗೆ?

ಬೀಸಾಡಬೇಕಿಲ್ಲ. ಕೊಂಬೆಯನ್ನು ಗೇಣುದ್ದ ತುಂಡು ಮಾಡಿ ಅದೇ ಗಿಡದ ಪಾತಿಗೆ, ಕಾಂಡಕ್ಕೆ ತಾಗದ ಹಾಗೆ, ಹೊದಿಕೆಯಾಗಿ ಹಾಕಿ. ಮೇಲೆ ರಾಗಿ ಹುಲ್ಲಿನ ಕಸ ಅಥವಾ ಒಂದು ಪದರ ಮಣ್ಣು ಎಳೆದರೆ ಮೇಕೆ ಮೂತಿ ಹಾಕುವುದಿಲ್ಲ, ತೇವವೂ ನಿಲ್ಲುತ್ತೆ. ಕಾಯಿಲೆ ಬಿದ್ದ ಗಿಡದ ಸೊಪ್ಪಾದರೆ ಮಾತ್ರ ಸುಟ್ಟುಬಿಡಿ. ಓಟೆಗಳನ್ನು ತಿಪ್ಪೆಯ ಮೇಲೆ ಎಸೆದರೆ ನಾಯಿ ಹೋಗಿ ಹುಡುಕುತ್ತೆ, ಗುಂಡಿ ತೋಡಿ ಮುಚ್ಚಿ. ಸಸಿ ಮಾಡಿಕೊಳ್ಳುವವರು ಅವತ್ತೇ ತೊಳೆದು ಚೀಲಕ್ಕೆ ಊರಿ.

ಮೇಕೆ ಮೇಯಿಸುವವರು ಬೇಸಿಗೆಯಲ್ಲಿ ಬದುವಿನ ಮೇಲೆ ಬರುತ್ತಾರೆ, ಬರಲಿ, ಅವರ ಗೊಬ್ಬರ ನಮಗೂ ಬೇಕು. ಬಂದಾಗ ಈ ಗಿಡವನ್ನು ತೋರಿಸಿ, ಇದರ ಸೊಪ್ಪು ಕೆಚ್ಚಲು ಕೆಡಿಸುತ್ತೆ ಅಂತ ಒಂದು ಮಾತು ಹೇಳಿಡಿ. ಗಿಡದ ಸುತ್ತ ಎದೆಯೆತ್ತರಕ್ಕೆ ಜಾಲಿಮುಳ್ಳು ಕಟ್ಟಿದರೆ ಗಿಡವೂ ಉಳಿಯುತ್ತೆ, ಮೇಕೆಯೂ ಉಳಿಯುತ್ತೆ. ನನ್ನ ಎಂಟು ಗಿಡಕ್ಕೆ ಎರಡು ಗಾಡಿ ಮುಳ್ಳು ಬೇಕಾಯಿತು, ಒಂದು ದಿನದ ಕೆಲಸ.